ಸೊಸೆಯ ಮೀನು

ನಮ್ಮೂರಲ್ಲಿ ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಾರೆ, ಮೊದಲು ಮೀನಿನ ತೊಟ್ಟಿ ನೋಡುತ್ತಾರೆ. ಗಾಜು ಎಷ್ಟು ದಪ್ಪ, ಮುಚ್ಚಳ ಬಿಗಿಯಾಗಿ ಕೂರುತ್ತದೋ ಇಲ್ಲವೋ, ನೀರಿಗೆ ವಾಸನೆ ಇದೆಯೋ, ಎಲ್ಲ ವಿಚಾರಿಸಿ ಆದ ಮೇಲೆಯೇ ಚಹಾ ಕುಡಿಯುವುದು. ನನ್ನ ಮಗ ಗುರುಸಿದ್ದನಿಗೆ ಹೆಣ್ಣು ಕೊಡಲು ಬಂದ ದಾನಮ್ಮನ ಅಪ್ಪನಂತೂ ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಮರಳು ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷದಿಂದ ನಾನು ಜರಡಿ ಹಿಡಿದ ಮರಳು ಅದು. ರೊಟ್ಟಿಯ ಹಿಟ್ಟನ್ನೂ ನಾನು ಅಷ್ಟು ಸಣ್ಣಗೆ ಸೋಸಿದವಳಲ್ಲ. "ಹೆಂಗೈತ್ರಿ ಬೀಗರ?" ಎಂದು ಕೇಳಿದೆ. "ಚಲೋ ಐತ್ರಿ" ಅಂದ. "ಚಲೋ ಇರದ ಮತ್ತೇನ್ರಿ" ಎಂದು ಸೆರಗು ಕೊಡವಿ ಒಳಗೆ ಹೋದೆ. ಈ ನಿಂಬೆವ್ವನ ತೊಟ್ಟಿಗೆ ಹೆಸರಿಡುವವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

ಪೇಟೆಯ ಕಡೆ ಆ ಮೀನಿಗೆ ಲೋಚ್ ಅನ್ನುತ್ತಾರಂತೆ. ನಮಗೆ ಅದು ಮರಳುಮೀನು. ಗೇಣಿಗಿಂತ ಚಿಕ್ಕದು, ಹಗ್ಗದ ತುಂಡಿನ ಹಾಗೆ ಗುಂಡಗೆ, ಬಾಯಿಯ ಸುತ್ತ ಆರು ಮೀಸೆ. ಮೈಮೇಲೆ ಹುರುಪೆ ಇದ್ದರೂ ಇಲ್ಲದ ಹಾಗೆ, ಅಷ್ಟು ಮೆದು. ಹಗಲೆಲ್ಲ ಮರಳಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗೆ ಹಾಕಿ ಕೂರುತ್ತದೆ. ಮರಳು ಒರಟಾದರೆ ಮೀಸೆ ಸವೆಯುತ್ತದೆ, ಮೀಸೆ ಸವೆದರೆ ತಿನ್ನುವುದಕ್ಕೆ ಹುಡುಕಿಕೊಳ್ಳಲಾರದು. ಕೆಲವೊಮ್ಮೆ ಒಂದು ಮಗ್ಗುಲಿಗೆ ಉರುಳಿ ಸತ್ತ ಹಾಗೆ ಬಿದ್ದಿರುತ್ತದೆ. ಅದು ಅದರ ನಿದ್ದೆ. ಇದೆಲ್ಲ ಗೊತ್ತಿದ್ದೂ ಅದನ್ನು ಕಂಡಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಉಗುರಿನಿಂದ ಗಾಜು ತಟ್ಟುತ್ತಿದ್ದೆ. ಅದು ಒಂದು ಸಲ ಎದ್ದು ನೋಡಿ ಮತ್ತೆ ಉರುಳಿಕೊಳ್ಳುತ್ತಿತ್ತು.

ನಮ್ಮ ತೊಟ್ಟಿ ಏಳಡಿ ಉದ್ದ, ಎರಡೂವರೆ ಅಡಿ ಅಗಲ. ಪಡಸಾಲೆಯ ಅರ್ಧ ಅದೇ ನುಂಗಿತ್ತು. ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಮೀನು, ಒಬ್ಬೊಬ್ಬರಿಗೆ ಒಂದೊಂದು, ಎಲ್ಲ ಒಂದೇ ನೀರಲ್ಲಿ ಇರಬೇಕು. ಒಂಟಿ ಮಾಡಿದರೆ ಅನ್ನ ಬಿಡುತ್ತವೆ. ಯಾವ ಹೊತ್ತಿಗೂ ಒಂದರ ಮೇಲೊಂದು ಬಿದ್ದುಕೊಂಡು ಹೆಂಚಿನ ಅಡಿಯಲ್ಲೋ ಮಣ್ಣಿನ ಕೊಳವೆಯಲ್ಲೋ ಗುಂಪಾಗಿರಬೇಕು. ಆದ್ದರಿಂದಲೇ ದೊಡ್ಡ ತೊಟ್ಟಿ. ಪ್ರತಿ ಸೋಮವಾರ ಕಾಲು ಭಾಗ ನೀರು ತೆಗೆದು, ಎರಡು ದಿನ ಹಂಡೆಯಲ್ಲಿ ಇಟ್ಟು ಹಳತಾದ ನೀರು ತುಂಬುವುದು. ಗಾಳಿ ಮೋಟರಿನ ಸ್ಪಂಜನ್ನು ತೊಟ್ಟಿಯ ನೀರಲ್ಲೇ ಹಿಂಡುವುದು, ನಲ್ಲಿಯ ಕೆಳಗೆ ಹಿಡಿದರೆ ಅದರೊಳಗಿನ ಜೀವವೆಲ್ಲ ಸತ್ತು ನೀರು ಹುಳಿಯುತ್ತದೆ. ಬುಧವಾರ ಸವತೆಕಾಯಿ ಬೇಯಿಸಿ ಹಾಕುವುದು. ತಿನ್ನದೆ ಉಳಿದದ್ದನ್ನು ಸಂಜೆಯೊಳಗೆ ತೆಗೆಯುವುದು. ನನ್ನ ಗಂಡ ಮಲಕಾಜಪ್ಪನಿಗೆ ಜ್ವರ ಬಂದು ಮಲಗಿದ್ದಾಗಲೂ ನಾನು ಮೊದಲು ನೀರು ನೋಡಿ ಆಮೇಲೆ ಅವರ ಹಣೆ ಮುಟ್ಟಿದವಳು. "ನಿನಗ ನನಗಿಂತ ನನ್ನ ಮೀನು ಹೆಚ್ಚು" ಎಂದು ಅವರು ಗೊಣಗುತ್ತಿದ್ದರು. "ನಿಮ್ಮ ಮೀನು ಇದ್ರ ತಾನ ನೀವು ನನಗ" ಅನ್ನುತ್ತಿದ್ದೆ.

ಅದು ತಮಾಷೆಯ ಮಾತಲ್ಲ. ನಮ್ಮೂರಲ್ಲಿ ಮನುಷ್ಯ ಮೊದಲು ಸತ್ತರೆ ಮರುದಿನ ಅವನ ಮೀನು ತೊಟ್ಟಿಯಲ್ಲಿ ಕಾಣುವುದಿಲ್ಲ, ಯಾರೂ ಹುಡುಕುವುದೂ ಇಲ್ಲ. ಮೀನು ಮೊದಲು ಸತ್ತರೆ ಮರುದಿನ ಬೆಳಿಗ್ಗೆ ಆ ಮನುಷ್ಯನ ಗುರುತು ಊರಲ್ಲಿ ಯಾರಿಗೂ ಇರುವುದಿಲ್ಲ. ಹೆತ್ತವಳಿಗೂ ಇಲ್ಲ, ಕಟ್ಟಿಕೊಂಡವನಿಗೂ ಇಲ್ಲ. ಅವನಿಗೆ ಮಾತ್ರ ಎಲ್ಲರೂ ನೆನಪಿರುತ್ತಾರೆ. ಈ ದಿನ ಹೆಸರು ಹೇಳಿಕೊಂಡರೆ ನಾಳೆ ಬೆಳಿಗ್ಗೆ ಅದೂ ಅಳಿಸಿರುತ್ತದೆ. ಅಂಥವರನ್ನು ನಾವು ಹೊಸಬರು ಅನ್ನುತ್ತೇವೆ. ಅವರೆಲ್ಲ ಇರುವುದು ಹೊಸಬರ ಓಣಿಯಲ್ಲಿ. ಹೊಸಬರು ಬಾಗಿಲಿಗೆ ಬಂದರೆ ಯಾರೂ ಗದರುವುದಿಲ್ಲ, ಕೂಡಿಸಿ ಊಟಕ್ಕೆ ಹಾಕುತ್ತಾರೆ. ಯಾಕೆಂದರೆ ಬಂದವಳು ತನ್ನ ಹೆತ್ತವ್ವನೇ ಇರಬಹುದು, ಯಾರು ಕಂಡರು?

ಮದುವೆಯಾದ ಮೇಲೆ ಸೊಸೆ ತನ್ನ ಮೀನನ್ನು ಗಡಿಗೆಯಲ್ಲಿ ಹೊತ್ತು ತರುತ್ತಾಳೆ. ಅದನ್ನು ಒಮ್ಮೆಲೇ ತೊಟ್ಟಿಗೆ ಬಿಡುವುದಿಲ್ಲ. ಇಪ್ಪತ್ತೊಂದು ದಿನ ಗಡಿಗೆಯನ್ನು ಕಟ್ಟೆಯ ಮೇಲೆ ಇಟ್ಟು, ದಿನಕ್ಕೆ ಒಂದು ಬಟ್ಟಲು ಮನೆಯ ನೀರು ಬೆರೆಸುತ್ತ ಹೋಗಬೇಕು. ನೀರು ಕೂಡಿಸುವುದು ಅನ್ನುತ್ತೇವೆ. ಬೇರೆ ನೀರಿಗೆ ಮೈ ಒಗ್ಗಬೇಕು, ಮೈಯಲ್ಲಿ ರೋಗವೇನಾದರೂ ಅಡಗಿದ್ದರೆ ಅಷ್ಟರಲ್ಲಿ ಹೊರಗೆ ಬೀಳಬೇಕು. ಇದನ್ನು ಅರೆದು ಕುಡಿದವಳು ನಾನು. ನನ್ನನ್ನು ಕೇಳಿಯೇ ಓಣಿಯ ಹೆಂಗಸರು ನೀರು ಕೂಡಿಸುತ್ತಿದ್ದರು. ಅಂಥ ನಾನು ಒಂಬತ್ತನೆಯ ದಿನ ತಪ್ಪಿದೆ.

ಆ ದಿನ ನಾದಿನಿ ಶಿವಗಂಗವ್ವ ಬಂದಿದ್ದಳು, ಜೊತೆಗೆ ನಾಲ್ಕು ಮಂದಿ ಹೆಂಗಸರು. ಕಟ್ಟೆಯ ಮೇಲಿನ ಗಡಿಗೆ ನೋಡಿ, "ಏನ ವೈನಿ, ಸೊಸಿ ಮೀನು ಇನ್ನಾ ಹೊರಗ ಕುಂತೈತಿ? ಗುರುಸಿದ್ದನ ತೊಟ್ಟ್ಯಾಗ ಜಾಗ ಇಲ್ಲೇನು, ಇಲ್ಲಾ ಸೊಸಿ ಮ್ಯಾಲ ಮನಸಿಲ್ಲೇನು?" ಅಂದಳು. ಹೆಂಗಸರು ಕಿಸಕ್ಕನೆ ನಕ್ಕರು. ದಾನಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಅವಳ ಮುಖ ಸಣ್ಣದಾಯಿತು. ನನಗೆ ಅವಳ ಮುಖ ನೋಡಿ ಮರುಕವಾಯಿತು ಎಂದರೆ ಅರ್ಧ ನಿಜ. ಉಳಿದರ್ಧ ಬರೀ ಸೊಕ್ಕು. ನಿಂಬೆವ್ವನ ನೀರಿಗೆ ಯಾವ ಮೀನಾದರೂ ಒಗ್ಗುತ್ತದೆ ಎಂದು ನಾನೇ ನಂಬಿಬಿಟ್ಟಿದ್ದೆ. "ಮನಸಿಲ್ದ ಏನ? ನೋಡು" ಎಂದವಳೇ ಗಡಿಗೆ ಎತ್ತಿ ಎಲ್ಲರ ಎದುರು ತೊಟ್ಟಿಗೆ ಬಗ್ಗಿಸಿದೆ. ದಾನಮ್ಮನ ಮೀನು ಒಂದು ಸುತ್ತು ಹೊಡೆದು ಹೆಂಚಿನ ಅಡಿ ನಮ್ಮ ಮೂರರ ಜೊತೆ ಸೇರಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೀಗಿದೆ.

ತೊಟ್ಟಿಗೆ ಬಿಟ್ಟ ಆರನೆಯ ದಿನಕ್ಕೆ ಆ ಮೀನಿನ ಬಾಲದ ಹತ್ತಿರ ರವೆಯ ಕಾಳಿನಂಥ ಎರಡು ಬಿಳಿ ಚುಕ್ಕೆ ಕಂಡವು. ಏಳನೆಯ ದಿನಕ್ಕೆ ಇಪ್ಪತ್ತಾದವು. ಅದು ಮೈ ತುರಿಸಿಕೊಳ್ಳಲು ಹೆಂಚಿಗೆ ಉಜ್ಜಿಕೊಳ್ಳತೊಡಗಿತು. ಎಂಟನೆಯ ದಿನ ಗುರುಸಿದ್ದನ ಮೀನಿಗೂ ಯಜಮಾನರ ಮೀನಿಗೂ ನನ್ನದಕ್ಕೂ ಅಲ್ಲೊಂದು ಇಲ್ಲೊಂದು ಹತ್ತಿತ್ತು. ಮಗ ಗುರುಸಿದ್ದ ಓಡಿಹೋಗಿ ರುದ್ರಮುನಿಯನ್ನು ಕರೆತಂದ. ರುದ್ರಮುನಿ ನಮ್ಮೂರ ಮೀನಿನ ವೈದ್ಯ, ಮನುಷ್ಯರನ್ನು ಕಂಡರೆ ಮುಖ ಗಂಟಿಕ್ಕುವವನು, ಮೀನು ಕಂಡರೆ ಮಾತ್ರ ನಗುವವನು. ಆ ದಿನ ಮೀನು ಕಂಡೂ ನಗಲಿಲ್ಲ.

"ಬಿಳಿಚುಕ್ಕಿ" ಅಂದ. "ಔಷಧ ಹಾಕಿದ್ರ ಈ ಜಾತಿ ಮೆತ್ತನ ಮೈ ತಡಿಯಂಗಿಲ್ಲ, ಚುಕ್ಕಿಗಿಂತ ಮೊದಲ ಮೀನು ಹೋಗ್ತಾವ. ಬಿಸಿ ಒಂದ ದಾರಿ. ದಿನಕ್ಕ ಒಂದು ಡಿಗ್ರಿ ಏರಿಸಿಕೋತ ಹೋಗ್ಬೇಕು. ಎಲ್ಲಿತನಕ ಅನ್ನೂದ ಪ್ರಶ್ನಿ." ಎಲ್ಲಿಯತನಕ ಎಂದು ಕೇಳಿದೆ. ಅವನು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಇಪ್ಪತ್ತೊಂಬತ್ತಕ್ಕ ನಿಲ್ಸಿದ್ರ ಹಳೇ ಮೂರೂ ಉಳಿತಾವ, ಅವಕ್ಕ ಹತ್ತಿದ್ದು ಕಡಿಮಿ. ಸೊಸಿದು ಉಳಿಯಂಗಿಲ್ಲ, ಅಷ್ಟು ಬಿಸಿ ಅದಕ್ಕ ಸಾಲಂಗಿಲ್ಲ. ಮೂವತ್ತೆರಡಕ್ಕ ಒಯ್ದ್ರ ಸೊಸಿದು ಉಳಿತೈತಿ. ಆದ್ರ ಬಿಸಿ ನೀರಾಗ ಗಾಳಿ ಕಡಿಮಿ, ನಿಂಬೆಕ್ಕ. ನಿಂದು ಮೊದಲ ಒಂದ ಕಿವಿರಿನ ಮ್ಯಾಲ ಬದುಕೇತಿ." ನಾನು ಮದುವೆಯಾಗಿ ಬರುವಾಗ ದಾರಿಯಲ್ಲಿ ಗಡಿಗೆ ಬಿದ್ದು ನನ್ನ ಮೀನಿನ ಎಡ ಕಿವಿರು ಸೀಳಿತ್ತು. ನನ್ನದನ್ನೋ ಸೊಸೆಯದನ್ನೋ ಬೇರೆ ಇಟ್ಟರೆ ಹೇಗೆ ಅಂದೆ. "ಗಟ್ಟಿ ಮೀನಾದ್ರ ನೀರು ಕೂಡಸೂ ಅಷ್ಟು ದಿನ ಒಂಟಿ ತಡೀತೈತಿ, ರೋಗದ ಮೀನು ತಡಿಯಂಗಿಲ್ಲ. ಯಾವುದನ್ನ ಬ್ಯಾರೆ ಇಟ್ರೂ ಅನ್ನ ಬಿಡ್ತೈತಿ, ಮೈಮ್ಯಾಲಿನ ಚುಕ್ಕಿ ತಿಂದ ಹಾಕ್ತೈತಿ" ಎಂದು ಎದ್ದ. ಹೋಗುವಾಗ ಒಂದು ಥರ್ಮಾಮೀಟರ್ ಕೊಟ್ಟು ಹೋದ.

ಊಟಕ್ಕೆ ಕೂತಾಗ ಯಜಮಾನರು ತಟ್ಟೆಯಲ್ಲಿ ಕೈ ಆಡಿಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಮಗ ತಲೆ ಎತ್ತಲಿಲ್ಲ. ಕಡೆಗೆ ಯಜಮಾನರು ಬಾಯಿ ತೆಗೆದರು. "ಇಪ್ಪತ್ತೊಂಬತ್ತಕ್ಕ ನಿಲ್ಸೋಣು."

"ಮತ್ತ ದಾನಮ್ಮ?"

"ಹುಡುಗಿ ಬಂದು ಇನ್ನಾ ತಿಂಗಳಾಗಿಲ್ಲ. ನಾ ಕೆಟ್ಟವ ಅಲ್ಲ, ನಿಂಬಿ. ಖರೇ ಹೇಳ್ತೀನಿ, ಅಕಿ ಮೀನು ಹೋದ್ರ ನಮಗ ನೆನಪ ಇರಂಗಿಲ್ಲ, ನೆನಪ ಇಲ್ದಿದ್ರ ನೋವು ಎಲ್ಲಿಂದ? ಗುರುಸಿದ್ದಗೂ ಇಲ್ಲ. ಆದ್ರ ನೀ..." ಅವರು ನೀರಿನ ತಂಬಿಗೆ ಎತ್ತಿ ಕುಡಿಯದೆ ಕೆಳಗಿಟ್ಟರು. "ನಲವತ್ತು ವರ್ಷ. ಒಂದ ಮುಂಜಾನೆ ಎದ್ದು ನಿನ್ನ ನೋಡಿ ಯಾರ್ರೀ ನೀವು ಅಂತ ಕೇಳಬೇಕೇನು ನಾನು?"

ಆ ಮಾತು ಕೇಳಿ ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. "ನಮಗ ನೆನಪ ಇರಂಗಿಲ್ಲ. ಅಕಿಗೆ ಇರ್ತೈತಲ್ಲ!" ಎಂದು ಕೂಗಿದೆ. "ಇಪ್ಪತ್ತು ವರ್ಷದ ಹುಡುಗಿ. ಹಡದ ಅಪ್ಪನ ಬಾಗಿಲಿಗೆ ಹೋಗಿ ಒಂದು ರೊಟ್ಟಿ ಕೊಡ್ರಿ ಅಂತ ನಿಂದ್ರಬೇಕು. ಹಾದ್ಯಾಗ ಗಂಡ ಎದುರು ಬಂದ್ರ ಪಕ್ಕಕ್ಕ ಸರೀಬೇಕು. ಹಿಂಗ ಎಷ್ಟು ವರ್ಷ ಬದುಕಬೇಕು ಅಕಿ?" ಗೋಡೆಯ ಮೇಲಿನ ಫೋಟೋ ತೋರಿಸಿದೆ. ಆ ಫೋಟೋದಲ್ಲಿ ನಾನಿದ್ದೇನೆ, ಯಜಮಾನರಿದ್ದಾರೆ, ಅವರ ತೊಡೆಯ ಮೇಲೆ ಎರಡು ವರ್ಷದ ಗುರುಸಿದ್ದ. ನನ್ನ ಸೆರಗು ಹಿಡಿದುಕೊಂಡು ಹತ್ತು ವರ್ಷದ ಒಂದು ಹುಡುಗಿ ನಿಂತಿದ್ದಾಳೆ. ಯಾರೋ ನಮಗೆ ಗೊತ್ತಿಲ್ಲ. ಅವಳ ಮೂಗು ನನ್ನದೇ. "ಆ ಕೂಸಿನ ಮೀನು ಹೆಂಗ ಹೋತೋ ನನಗ ಗೊತ್ತಿಲ್ಲ. ಯಾರರ ಹಿಂಗ ಕುಂತು, ನಮಗ ನೆನಪ ಇರಂಗಿಲ್ಲ ಬಿಡು ಅಂದಿದ್ರೋ ಏನೋ, ಅದೂ ಗೊತ್ತಿಲ್ಲ. ಇನ್ನೊಮ್ಮೆ ಈ ಮನ್ಯಾಗ ಆ ಮಾತು ಆಡಬ್ಯಾಡ್ರಿ." ಯಜಮಾನರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು.

ಎದ್ದು ನೋಡಿದರೆ ಪಡಸಾಲೆಯಲ್ಲಿ ದಾನಮ್ಮ ಗಡಿಗೆ ಹಿಡಿದು ನಿಂತಿದ್ದಾಳೆ. ತೊಟ್ಟಿಯ ಮುಚ್ಚಳ ಸರಿಸಿ ತನ್ನ ಮೀನನ್ನು ಆಗಲೇ ಗಡಿಗೆಗೆ ಹಾಕಿಕೊಂಡಿದ್ದಾಳೆ. "ನಾ ಹೋಗ್ತೀನ್ರಿ ಅತ್ತಿ. ನಮ್ಮಪ್ಪನ ಮನ್ಯಾಗ ಏನಾಗ್ತೈತೋ ಆಗ್ಲಿ. ನನ್ನಿಂದ ನಿಮಗ..." ಅಂದಳು. ಹಲ್ಲು ಕಚ್ಚಿ ಅಳು ತಡೆದಿದ್ದಳು. ಈ ಹುಡುಗಿ ನನ್ನ ಮುಂದೆ ಅಷ್ಟು ಉದ್ದ ಮಾತು ಆಡಿದ್ದು ಅದೇ ಮೊದಲು.

"ಗಡಿಗಿ ಕೆಳಗ ಇಡು."

"ಬ್ಯಾಡ್ರಿ ಅತ್ತಿ."

"ಇಡು ಅಂದೆ! ಒಂಬತ್ತನೇ ದಿನ ನಿನ್ನ ಮೀನು ಬಿಟ್ಟಾಕಿ ಯಾರು? ನಾನು. ನೀ ಬ್ಯಾಡ ಅಂದಿದ್ದೇನು? ನಿನ್ನ ಕೇಳಲೇ ಇಲ್ಲ ನಾನು. ತಪ್ಪು ನಂದು, ಅದನ್ನ ನೀ ಹೊತ್ಕೊಂಡು ಹೋಗ್ತೀನಿ ಅಂದ್ರ ನಾ ಬಿಡಾಕಿ ಅಲ್ಲ. ಮೂವತ್ತೆರಡಕ್ಕ ಏರಿಸ್ತೀನಿ. ನನ್ನ ಮೀನು ಉಳಿದ್ರ ಚಲೋ ಆತು, ಇಲ್ಲಾಂದ್ರ ಇಲ್ಲ. ಈಗ ಹೋಗಿ ಒಲಿ ಹಚ್ಚು, ದೊಡ್ಡ ಹಂಡೆದಾಗ ನೀರು ಇಡು." ಅವಳು ನಿಂತೇ ಇದ್ದಳು. ಗಡಿಗೆಯನ್ನು ಕಿತ್ತುಕೊಂಡು ಮೀನನ್ನು ತೊಟ್ಟಿಗೆ ಬಿಟ್ಟೆ. ಆಮೇಲೆ ಅವಳ ಹೆಗಲು ಹಿಡಿದು ಒಲೆಯ ಕಡೆಗೆ ತಿರುಗಿಸಿದೆ.

ಬಿಸಿ ನೀರನ್ನು ನೇರ ಸುರಿಯುವ ಹಾಗಿಲ್ಲ. ಹಿತ್ತಾಳೆಯ ಬಿಂದಿಗೆಗಳಿಗೆ ಕುದಿಯುವ ನೀರು ತುಂಬಿ, ಬಾಯಿಗೆ ಬಟ್ಟೆ ಬಿಗಿದು ತೊಟ್ಟಿಯಲ್ಲಿ ಕತ್ತಿನ ಮಟ್ಟಕ್ಕೆ ಇಳಿಬಿಡಬೇಕು. ಆರಿದ ಕೂಡಲೇ ತೆಗೆದು ಬೇರೆ ಇಳಿಬಿಡಬೇಕು. ನಾಲ್ಕು ಬಿಂದಿಗೆ ಒಳಗೆ, ನಾಲ್ಕು ಒಲೆಯ ಹತ್ತಿರ. ಹಗಲು ನನ್ನದು ಮತ್ತು ದಾನಮ್ಮನದು, ರಾತ್ರಿ ಗಂಡಸರದು. ಯಜಮಾನರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ಆದರೆ ಪಾಳಿ ಒಂದು ದಿನವೂ ತಪ್ಪಿಸಲಿಲ್ಲ. ಚುಕ್ಕೆ ಉದುರಿ ಮರಳಿಗೆ ಬಿದ್ದು ಅಲ್ಲಿ ನೂರು ಮರಿ ಹಾಕುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಗುರುಸಿದ್ದ ರಬ್ಬರ್ ಪೈಪಿನಲ್ಲಿ ಬಾಯಿಯಿಂದ ಎಳೆದು ತಳದ ಮರಳಿನ ಕೊಳೆಯನ್ನೆಲ್ಲ ಗುಡಿಸಿದ ಹಾಗೆ ಹೀರಿ ತೆಗೆಯಬೇಕು. ಒಂದು ದಿನ ಬಾಯಿ ತುಂಬ ಕೊಳೆ ನೀರು ನುಂಗಿ ಕಕ್ಕಿದ. ದಾನಮ್ಮ ನಕ್ಕಳು. ಆ ಮನೆಯಲ್ಲಿ ಹತ್ತು ದಿನಕ್ಕೆ ಕೇಳಿದ ಮೊದಲ ನಗು ಅದು.

ದಾನಮ್ಮನಿಗೆ ನಾನು ಎಲ್ಲವನ್ನೂ ಕಲಿಸಿದೆ, ಅವಸರ ಅವಸರವಾಗಿ, ಬೈದು ಬೈದು. ನೀರನ್ನು ಮೂಸಿ ನೋಡುವುದು, ಸ್ಪಂಜು ಹಿಂಡುವುದು, ಮರಳನ್ನು ಕೈಯಿಂದ ತಿರುವಿ ಅಡಿಯ ಗಾಳಿ ಬಿಡಿಸುವುದು. "ಇಷ್ಟು ಸವತಿಕಾಯಿ ಹಾಕ್ತಿ, ನಿಮ್ಮಪ್ಪನ ಹೊಲದಾಗ ಬೆಳದೈತೇನು?" ಅಂದರೆ, "ಇಲ್ರಿ, ನಿಮ್ಮ ಮೀನಿಗೆ ಹೆಚ್ಚು ಇರ್ಲಿ ಅಂತ ಹಾಕೇನಿ" ಅಂದಳು. ನನ್ನ ಮೀನು ತಿನ್ನುತ್ತಿರಲಿಲ್ಲ. ಮೂವತ್ತೊಂದಕ್ಕೆ ಬಂದಾಗ ಅದು ಮರಳು ಬಿಟ್ಟು ಮೇಲೆ ಬಂತು. ಗಾಳಿ ಗುಳ್ಳೆ ಏಳುವ ಮೂಲೆಯಲ್ಲಿ ಗಾಜಿಗೆ ಹೊಟ್ಟೆ ಹಚ್ಚಿ ನಿಂತು ಬಾಯಿ ತೆರೆದು ಮುಚ್ಚಿ ಮಾಡತೊಡಗಿತು. ದಾನಮ್ಮ ಬಿಂದಿಗೆ ಇಳಿಸಲು ಬಂದವಳು ಅದನ್ನು ನೋಡಿ ನಿಂತಳು. "ಇಷ್ಟಕ್ಕ ಸಾಕು ಮಾಡೋಣ್ರಿ" ಅಂದಳು. ನಾನು ಅವಳ ಕೈಯಿಂದ ಬಿಂದಿಗೆ ತೆಗೆದುಕೊಂಡು ನಾನೇ ಇಳಿಸಿದೆ. ನಾನು ಧೈರ್ಯವಂತೆ ಎಂದು ಯಾರೂ ತಿಳಿಯಬೇಡಿ. ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅತ್ತು ಮುಗಿಸಿ ಬಂದು ಮತ್ತೊಂದು ಬಿಂದಿಗೆ ಇಳಿಸಿದೆ.

ಬಿಸಿ ಏರಿಸತೊಡಗಿದ ಹದಿನೈದನೆಯ ದಿನ ದಾನಮ್ಮನ ಮೀನಿನ ಮೈಮೇಲಿನ ಕಡೆಯ ಚುಕ್ಕೆ ಉದುರಿತು. ರುದ್ರಮುನಿ ಬಂದು ನೋಡಿ ತಲೆ ಆಡಿಸಿದ. ಹದಿನಾರನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಮೀನು ಒಂದು ಮಗ್ಗುಲಿಗೆ ಉರುಳಿ ಬಿದ್ದಿತ್ತು. ಉಗುರಿನಿಂದ ಗಾಜು ತಟ್ಟಿದೆ. ಮತ್ತೆ ತಟ್ಟಿದೆ. ಅದು ಏಳಲಿಲ್ಲ.

ಆ ದಿನ ಎಲ್ಲರೂ ಒಟ್ಟಿಗೆ ಊಟ ಮಾಡಿದೆವು. ಯಜಮಾನರು ನನ್ನ ತಟ್ಟೆಗೆ ತಮ್ಮ ಕೈಯಿಂದ ಬದನೆಕಾಯಿ ಪಲ್ಯ ಹಾಕಿದರು. ಮದುವೆಯಲ್ಲಿ ಒಮ್ಮೆ ಹಾಗೆ ಬಡಿಸಿದ್ದರು, ಆಮೇಲೆ ಎಂದೂ ಇಲ್ಲ. "ಹಠಮಾರಿ" ಅಂದರು. "ಗೊತ್ತಿದ್ದ ಕಟ್ಕೊಂಡೀರಿ" ಅಂದೆ. ಗುರುಸಿದ್ದ ನನ್ನ ಕಾಲು ಹಿಡಿದು ಮಗುವಿನ ಹಾಗೆ ಅತ್ತ. ದಾನಮ್ಮ ಮಾತ್ರ ಅಳಲಿಲ್ಲ. ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮಗ್ಗುಲಲ್ಲಿ ಕೂತಳು. "ನಾ ಮರಿಯಂಗಿಲ್ರಿ ಅತ್ತಿ. ನಿದ್ದಿ ಮಾಡಂಗಿಲ್ಲ. ಕೈ ಬಿಡಂಗಿಲ್ಲ. ಹೆಂಗ ಮರಿತೀನಿ ನೋಡ್ತೀನಿ" ಅಂದಳು. ಬೆಳಗಾದಾಗ ಅವಳು ಗೋಡೆಗೆ ಒರಗಿದ್ದಳು, ನನ್ನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಕಣ್ಣು ತೆರೆದಳು. ನನ್ನ ಕೈ ನೋಡಿದಳು, ಮುಖ ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗು ಸರಿ ಮಾಡಿಕೊಂಡು, "ಯಾರ್ರೀ ಅವ್ವಾರ, ನೀವು?" ಎಂದು ಕೇಳಿದಳು. ಒಳಗಿನಿಂದ ಯಜಮಾನರು ಬಂದವರು ನನಗೆ ಕೈ ಮುಗಿದು, "ಹೊಸಬರು ಬಂದಾರ ಕಾಣ್ತೈತಿ, ಕೂಡಸವಾ, ನಾಷ್ಟಾ ಮಾಡಿ ಹೋಗ್ಲಿ" ಅಂದರು. ಉಪ್ಪಿಟ್ಟು ಕೊಟ್ಟಳು. ಉಪ್ಪು ಹೆಚ್ಚಾಗಿತ್ತು. ತಿಂದು ಎದ್ದುಬಂದೆ.

ಹೊಸಬರ ಓಣಿಯಲ್ಲಿ ಒಂದು ಖೋಲಿ ಸಿಕ್ಕಿತು. ಮೊದಲ ದಿನವೇ ಅಲ್ಲಿ ಇದ್ದವರ ಮುಖವೆಲ್ಲ ನೋಡಿ ಬಂದೆ, ನನ್ನ ಮೂಗಿನವಳು ಯಾರೂ ಇರಲಿಲ್ಲ. ಆ ಫೋಟೋದ ಹುಡುಗಿ ಊರು ಬಿಟ್ಟು ಹೋಗಿರಬೇಕು. ಎರಡು ದಿನ ಗೋಡೆ ನೋಡುತ್ತ ಮಲಗಿದೆ. ಮೂರನೆಯ ದಿನ ಸೋಮವಾರ. ನೀರು ಬದಲಿಸುವ ದಿನ. ಹಂಡೆಯಲ್ಲಿ ನೀರು ಇಟ್ಟಿದ್ದಾಳೋ ಇಲ್ಲವೋ, ಬಿಸಿಯನ್ನು ದಿನಕ್ಕೆ ಒಂದೇ ಡಿಗ್ರಿ ಇಳಿಸಬೇಕು, ಒಮ್ಮೆಲೇ ಇಳಿಸಿಬಿಟ್ಟಳೋ ಏನೋ, ಎಂದು ಯೋಚನೆ ಹತ್ತಿದ ಮೇಲೆ ಮಲಗುವುದೆಲ್ಲಿ ಬಂತು? ಎದ್ದು ಹೋಗಿ ಬಾಗಿಲು ಬಡಿದೆ. "ತೊಟ್ಟಿ ಕೆಲಸ ಬರ್ತೈತಿ ನನಗ. ಮಾಡಿಕೊಡ್ಲೇನವಾ?" ಅಂದೆ. ದಾನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದೊಡ್ಡ ತೊಟ್ಟಿ ಐತ್ರಿ, ನಮ್ಮ ಮನಿಗೆ ಹಿರೇ ಹೆಣ್ಣುಮಗಳು ಇಲ್ಲ, ಬಂದ್ರ ಉಪಕಾರ ಆಗ್ತೈತಿ" ಅಂದಳು.

ಅಂದಿನಿಂದ ಹತ್ತು ತಿಂಗಳು, ದಿನಾ ಬೆಳಿಗ್ಗೆ ಅದೇ ಬಾಗಿಲು, ಅದೇ ಮಾತು. ದಿನಾ ಅವಳು ಯಾರ್ರೀ ನೀವು ಅನ್ನುತ್ತಾಳೆ, ದಿನಾ ನಾನು ತೊಟ್ಟಿ ಕೆಲಸ ಬರ್ತೈತಿ ಅನ್ನುತ್ತೇನೆ. ಒಂದು ದಿನವೂ ಅವಳು ಬೇಡ ಅಂದಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾವು ಜಗಳಕ್ಕೆ ಬಿದ್ದಿರುತ್ತೇವೆ. ಸವತೆಕಾಯಿ ಹೆಚ್ಚಾಯಿತು ಎಂದು ನಾನು, ಪರಿಚಯ ಆಗಿ ಅರ್ಧ ದಿನ ಆಗಿಲ್ಲ ಆಗಲೇ ಇಷ್ಟು ಬಾಯಿಯೇ ಎಂದು ಅವಳು. ಯಜಮಾನರು ಕುರ್ಚಿಯಲ್ಲಿ ಕೂತು ನಗುತ್ತಾರೆ. "ಈ ಅಕ್ಕಾರಿಗೆ ತೊಟ್ಟಿ ವಿದ್ಯಾ ಚಲೋ ಐತಿ" ಅನ್ನುತ್ತಾರೆ. ಅಕ್ಕಾರು! ಸಂಜೆ ಖೋಲಿಗೆ ಹೋಗಿ ಅದನ್ನು ನೆನೆದು ಒಮ್ಮೊಮ್ಮೆ ನಗುತ್ತೇನೆ, ಒಮ್ಮೊಮ್ಮೆ ಆಗುವುದಿಲ್ಲ.

ಈಚೆಗೆ ದಾನಮ್ಮ ಹೆತ್ತಳು. ಹೆಣ್ಣು ಕೂಸು. ಹನ್ನೆರಡನೆಯ ದಿನ ಕೂಸಿನ ಮೀನು ತರಲು ಹೊಳೆಗೆ ಹೋಗಬೇಕು. ಹೊಳೆಗೆ ಇಳಿದು ಮರಳಿಗೆ ಕೈ ಹಾಕಿ ಮೀನು ಹಿಡಿಯುವವಳು ಕೂಸಿನ ಅಪ್ಪನ ತಾಯಿಯೇ ಆಗಿರಬೇಕು, ಬೇರೆಯವರಿಗೆ ದಡದ ಕಾವಲಿನವ ಬುಟ್ಟಿ ಕೊಡುವುದಿಲ್ಲ. ಆ ಬೆಳಿಗ್ಗೆ ನಾನು ಬಾಗಿಲು ಬಡಿದಾಗ ಮನೆಯಲ್ಲಿ ಅದೇ ಚಿಂತೆ. ಅಜ್ಜಿ ಇಲ್ಲದ ಕೂಸಿನ ಅಪ್ಪ ಅರ್ಜಿ ಬರೆದು ಕೊಟ್ಟು, ಊರಿನ ಹಿರಿಯರು ಒಪ್ಪುವವರೆಗೆ ಕಾಯಬೇಕು. ಅಲ್ಲಿಯವರೆಗೆ ಕೂಸಿಗೆ ಮೀನಿಲ್ಲ. ಗುರುಸಿದ್ದ ಹಾಳೆ ಹುಡುಕುತ್ತಿದ್ದ. ನಾನು ಯಾರು, ಯಾಕೆ ಬಂದೆ ಎಂದು ಎಂದಿನಂತೆ ಹೇಳಿದೆ. ದಾನಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು. "ಮರಳಾಗಿನ ಮೀನು ಹಿಡಿಯಾಕ ಬರ್ತೈತೇನ್ರಿ ನಿಮಗ?" ಎಂದು ಕೇಳಿದಳು. ಬರ್ತೈತಿ ಅಂದೆ. "ನಡೀರಿ ಹಂಗಾರ" ಎಂದು ಚಪ್ಪಲಿ ಮೆಟ್ಟಿಕೊಂಡಳು. ಗುರುಸಿದ್ದ ಏನೋ ಹೇಳಲು ಬಂದ, ಅವಳು ಅವನ ಕಡೆ ನೋಡಲೇ ಇಲ್ಲ. ಹಠಮಾರಿ.

ಹೊಳೆಯ ದಡದಲ್ಲಿ ಕಾವಲಿನವ ಬುಟ್ಟಿಗಳ ನಡುವೆ ಕೂತಿದ್ದ. ಎದೆಯ ಮೇಲೆ ಕೈ ಕಟ್ಟಿ ನನ್ನನ್ನು ನೋಡಿದ. "ಕೂಸಿಗೆ ಏನಾಗಬೇಕು ಈಕಿ?" ಅಂದ. ಹೇಳಿದರೆ ನಂಬುವವರು ಯಾರು? ಹೊಸಬರು ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಬೇಕಾದವರೇ. ನಾನು ಬಾಯಿ ತೆರೆಯುವ ಮೊದಲೇ ದಾನಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಅತ್ತಿ. ಕೂಸಿನ ಅಜ್ಜಿ. ಬುಟ್ಟಿ ಕೊಡ್ರಿ ಲಗೂನ, ಕೂಸಿಗೆ ಬಿಸಿಲು ಹತ್ತಾಕತ್ತೈತಿ" ಎಂದು ಕಣ್ಣು ಮಿಟುಕಿಸದೆ ಹೇಳಿದಳು. ಅವನು ಬುಟ್ಟಿ ಕೊಟ್ಟ.

ನಾಲ್ಕು ಹೆಜ್ಜೆ ನಡೆದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಸುಳ್ಳ ಹೇಳಿದೆ ಅಂತ ಸಿಟ್ಟ ಆಗಬ್ಯಾಡ್ರಿ ಅವ್ವಾರ. ಇಲ್ಲಾಂದ್ರ ಅಂವ ಬಿಡ್ತಿರಲಿಲ್ಲ" ಅಂದಳು.

"ಸಿಟ್ಟಿಲ್ಲವಾ" ಅಂದೆ. "ನೀ ಕೂಸಿನ ಕರ್ಕೊಂಡು ನೆರಳಿಗೆ ಕೂಡು. ಹಸೀ ಬಾಣಂತಿ, ನೀರಿಗೆ ಇಳೀಬ್ಯಾಡ." ಸೀರೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಹೊಳೆಗೆ ಇಳಿದೆ.